ಗೇಣಿ ಮುಟ್ಟದ ಒಂದು ಎಕರೆ

ದತ್ತಾತ್ರೇಯ ಹಣ್ಣು ಹಿಡಿದುಕೊಂಡು ಬಂದನೆಂದರೆ ಗ್ಯಾಸಿನ ಬಾವಿಯ ಹತ್ತಿರ ಏನೋ ಅಗೆಯುವುದಿದೆ ಎಂದು ಸೆಲಿನ್‌ಗೆ ಬಾಗಿಲಲ್ಲೇ ತಿಳಿಯುತ್ತಿತ್ತು. ಪೈಪು ಬದಲಿಸುವುದಕ್ಕೆ ಬಾಳೆಹಣ್ಣು, ಬೇಲಿಯ ಕಂಬ ನೆಡುವುದಕ್ಕೆ ಪಪ್ಪಾಯಿ. ಒಮ್ಮೆ ಬಾವಿಯ ಪಕ್ಕದ ದೊಡ್ಡ ಮರ ಕಡಿಯಬೇಕಾಗಿ ಬಂದಾಗ ಒಂದು ಬುಟ್ಟಿ ಮಾವು. ಆ ಭಾನುವಾರ ಅವನು ನೈರೋಬಿಯ ನ್ಗಾರಾದಲ್ಲಿದ್ದ ಅವರ ಮನೆಯ ಮೆಟ್ಟಿಲು ಹತ್ತಿ ಬಂದಾಗ ಎರಡು ಕೈಯಲ್ಲೂ ಚೀಲವಿತ್ತು, ಕಂಕುಳಲ್ಲಿ ಸಿಹಿತಿಂಡಿಯ ಡಬ್ಬಿಯೂ ಇತ್ತು.

"ಕೇಳಿತಾ?" ಎಂದು ಸೆಲಿನ್ ಒಳಕ್ಕೆ ಕೊಂಕಣಿಯಲ್ಲಿ ಕೂಗಿದಳು. "ನಿಮ್ಮ ಕಂಪನಿಯವರು ಬಂದಿದ್ದಾರೆ. ಈ ಸಲ ಇಡೀ ಗುಡ್ಡವನ್ನೇ ಅಗೆಯುತ್ತಾರೋ ಏನೋ, ಅಷ್ಟು ಹಣ್ಣುಂಟು."

ದತ್ತಾತ್ರೇಯನಿಗೆ ಕೊಂಕಣಿ ಬಾರದಿದ್ದರೂ ಹಣ್ಣಿನ ಮಾತೆಂದು ಗೊತ್ತಾಗಿ ನಕ್ಕ. ಮೈಸೂರು ಕಡೆಯವನು. ನೈರೋಬಿಯ ಗ್ಯಾಸು ಕಂಪನಿಯೊಂದರಲ್ಲಿ ಬಾವಿಗಳ ಮೇಲ್ವಿಚಾರಣೆ ಅವನದು. ಕೆಲಸಕ್ಕೆ ಸೇರಿದ ವರ್ಷವೇ, ಲಿಮುರುವಿನ ಆಚೆ ಗುಡ್ಡದ ಮೇಲೆ ಕಂಪನಿಯ ಬಾವಿ ಇರುವ ಎಕರೆಗೆ ಒಬ್ಬ ಯಜಮಾನನಿದ್ದಾನೆ, ಅವನು ಮಂಗಳೂರಿನವನು, ನ್ಗಾರಾದಲ್ಲಿ ಪಂಪು ರಿಪೇರಿ ಮಾಡುತ್ತಾನೆ ಎಂದು ಯಾರೋ ಹೇಳಿದ್ದನ್ನು ಕೇಳಿ ಹುಡುಕಿಕೊಂಡು ಬಂದಿದ್ದ. ಇನ್ನೊಬ್ಬರ ನೆಲಕ್ಕೆ ಗುದ್ದಲಿ ಹಾಕುವ ಮೊದಲು ಅವರ ಬಾಗಿಲಿಗೆ ಹೋಗಿ ಕೇಳಬೇಕು ಎನ್ನುವುದು ಅವನ ಮನೆಯ ಕ್ರಮ. ಅವನಿಗಿಂತ ಮೊದಲಿನ ಮ್ಯಾನೇಜರುಗಳು ಯಾರೂ ಹಾಗೆ ಕೇಳಿದವರಲ್ಲ. ಇವನು ಮಾತ್ರ ಪ್ರತಿ ಸಲ ಬರುತ್ತಿದ್ದ, ಸೆಲಿನ್‌ಳ ಗಂಡ ಲಿಗೋರಿ ಪ್ರತಿ ಸಲ "ಮಾಡಿ ಮಾರಾಯ್ರೇ, ಅದಕ್ಕೆಂತ ಕೇಳುವುದು" ಎನ್ನುತ್ತಿದ್ದ. ಕೇಳದೆ ಮಾಡಿದ್ದರೆ ಮನಸ್ಸಿಗೆ ತೆಗೆದುಕೊಳ್ಳುತ್ತಿದ್ದ ಎನ್ನುವುದು ಸೆಲಿನ್‌ಗೆ ಗೊತ್ತಿತ್ತು.

ಲಿಗೋರಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದು ಕುಳಿತ. ವಯಸ್ಸು ಎಪ್ಪತ್ತು ದಾಟಿತ್ತು, ಕೈ ಸುಮ್ಮನಿರುತ್ತಿರಲಿಲ್ಲ.

"ಎಂತ ಮಾರಾಯ್ರೇ, ಯಾರಿಗೆ ಮದುವೆ?"

"ಮದುವೆ ಅಲ್ಲ ಯಜಮಾನ್ರೇ. ಇನ್ನೊಂದು ಬಾವಿ ತೋಡ್ಬೇಕು ಅಂತ ಪ್ಲಾನ್ ಆಗಿದೆ. ಹಳೇದ್ರಲ್ಲಿ ಪ್ರೆಶರ್ ಇಳೀತಾ ಇದೆ. ನಿಮ್ಮ ಕೆಳಗಿನ ಹೊಲದಲ್ಲಿ ಒಂದು ಜಾಗ ನೋಡಿದೀವಿ."

"ಕೆಳಗಿನದ್ದರಲ್ಲಿ ಬಟಾಟೆ ಉಂಟು," ಎಂದಳು ಸೆಲಿನ್.

"ಬಟಾಟೆ ತೆಗೆದ ಮೇಲೇನೇ ಅಮ್ಮ. ಅದಿರಲಿ, ಇನ್ನೊಂದು ವಿಷಯ." ದತ್ತಾತ್ರೇಯ ಚೀಲದಿಂದ ಒಂದು ಕಾಗದದ ಕಟ್ಟು ತೆಗೆದು ಮೇಜಿನ ಮೇಲಿಟ್ಟ. "ಕಂಪನಿಗೆ ಹೊಸ ಮಾಲೀಕರು ಬಂದಿದಾರೆ. ಅವ್ರಿಗೆ ಬಾಯಿಮಾತು ಆಗಲ್ಲ. ಹಳೇ ಬಾವಿಯ ಒಂದೆಕರೆಗೂ ಲೀಸ್ ಮುಗಿದು ಯಾವ ಕಾಲ ಆಯ್ತೋ. ಎರಡಕ್ಕೂ ಸೇರಿ ಹೊಸ ಲೀಸ್ ಮಾಡಿಬಿಡೋಣ ಅಂತ. ವರ್ಷವರ್ಷ ಬಾಡಿಗೆ ಬರತ್ತೆ ನಿಮಗೆ."

ಲಿಗೋರಿ ಆ ಕಟ್ಟನ್ನು ಬೆರಳ ತುದಿಯಿಂದ ಆಚೆ ತಳ್ಳಿದ.

"ಗೇಣಿ ಮಾತ್ರ ನಾನು ಮುಟ್ಟುವುದಿಲ್ಲ."

"ಬಾಡಿಗೆ ಯಜಮಾನ್ರೇ, ನಿಮಗೆ ಬರೋ ದುಡ್ಡು."

"ನೀವು ಇರಿ. ಗ್ಯಾಸು ಮುಗಿಯುವವರೆಗೆ ಇರಿ. ಏಳಿ ಅಂತ ಯಾರಾದರೂ ಹೇಳಿದ್ದುಂಟಾ? ಆದರೆ ಗೇಣಿ ಬೇಡ, ಕಾಗದವೂ ಬೇಡ."

ಆ ನೆಲದ ಕಥೆ ಹಳೆಯದು. ಲಿಗೋರಿ ಮೊಂಬಾಸಾದಲ್ಲಿ ಹಡಗು ಇಳಿದಾಗ ಅವನ ಹತ್ತಿರ ಇದ್ದದ್ದು ಇಗರ್ಜಿ ಶಾಲೆಯ ನಾಲ್ಕು ಕ್ಲಾಸಿನ ಅಕ್ಷರ ಮತ್ತು ಮಾವನ ಗರಾಜಿನಲ್ಲಿ ಕಲಿತ ಸ್ಪ್ಯಾನರ್ ಕೆಲಸ. ಗುಡ್ಡದ ಮೇಲಿನ ಬಿಳಿಯ ರೈತನೊಬ್ಬನ ಪಂಪು ಅವನು ನೋಡಿಕೊಳ್ಳುತ್ತಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದು ಆ ರೈತ ಊರು ಬಿಡುವಾಗ ಜಮೀನನ್ನು ತುಂಡುತುಂಡಾಗಿ ಮಾರಿದ. ಇಳಿಜಾರಿನ ಆರು ಎಕರೆ ಯಾರಿಗೂ ಬೇಡವಾಯಿತು. ಅಲ್ಲಿಯ ಒಂದು ತಗ್ಗಿನಲ್ಲಿ ಕೋಳಿ ಬಿಟ್ಟರೆ ಸಾಯುತ್ತವೆ ಎಂದು ಸುತ್ತಲಿನವರಿಗೆ ಹೆದರಿಕೆ. ಆಗ ಲಿಗೋರಿಯ ಜೊತೆಯವರು ಕೆಲವರು ಲಂಡನ್ನಿಗೆ, ಕೆಲವರು ಊರಿಗೆ ಹೊರಟಿದ್ದರು. ಅವನು ಇಲ್ಲಿಯ ಪೌರತ್ವ ತೆಗೆದುಕೊಂಡಿದ್ದ. "ಇರುವುದು ಅಂತ ಆದ ಮೇಲೆ ಕಾಲಿಡಲಿಕ್ಕೆ ಸ್ವಂತ ನೆಲ ಬೇಡವಾ?" ಎಂದು ಸೆಲಿನ್‌ಗೆ ಹೇಳಿ ಅದನ್ನು ಕೊಂಡ. ಅಂಗಡಿ ಬಾಡಿಗೆಯದು, ಮನೆ ಬಾಡಿಗೆಯದು. ಲೋಕದಲ್ಲಿ ಅವನ ಹೆಸರಿಗೆ ಇದ್ದದ್ದು ಅದೊಂದೇ.

ನೀರಿಗೆಂದು ಬೋರು ಹಾಕಿಸಿದಾಗ ನೀರಿನ ಜೊತೆ ಗಾಳಿ ಬಂತು. ನೀರು ಕುದಿಯುವ ಹಾಗೆ ಗುಳ್ಳೆಯೇಳುತ್ತಿತ್ತು, ಮುಟ್ಟಿದರೆ ತಣ್ಣಗೆ. ಗ್ಯಾಸು ಕಂಪನಿಯವರು ಬಂದು ಒಂದು ಮೇಣದ ಬತ್ತಿಯನ್ನು ತಗ್ಗಿಗೆ ಇಳಿಸಿದರು; ಬತ್ತಿ ಆರಿತು. ಅವರಿಗೆ ಸಂತೋಷವಾಯಿತು. ಉರಿಯುವ ಗ್ಯಾಸಲ್ಲ ಅದು, ಉರಿ ಆರಿಸುವ ಗ್ಯಾಸು. ಸೋಡಾದಲ್ಲಿ, ಬಿಯರಿನಲ್ಲಿ ಗುಳ್ಳೆಯಾಗುವುದು ಅದೇ. ನೆಲದ ಕೆಳಗಿನದ್ದು ಸರ್ಕಾರದ್ದು, ಅದನ್ನು ತೆಗೆಯುವ ಪರವಾನಗಿ ನಮ್ಮ ಹತ್ತಿರ ಇದೆ, ಮೇಲಿನ ಒಂದು ಎಕರೆ ಮಾತ್ರ ನೀನು ಲೀಸಿಗೆ ಕೊಡು ಎಂದರು. ತನ್ನದೇ ನೆಲ, ಅದರ ಹೊಟ್ಟೆಯೊಳಗಿನದ್ದು ಬೇರೆಯವರದ್ದು ಎನ್ನುವುದನ್ನು ಲಿಗೋರಿ ಬಹಳ ದಿನ ಯೋಚಿಸಿದ. ಕೊನೆಗೆ ಹದಿನೈದು ವರ್ಷಕ್ಕೆ ಸಹಿ ಹಾಕಿಕೊಟ್ಟ.

ಆ ಹದಿನೈದು ವರ್ಷದ ನಡುವೆ ಊರಿನಲ್ಲಿ ಒಂದು ಸಂಗತಿ ನಡೆಯಿತು. ಬಂಟ್ವಾಳದ ಹತ್ತಿರ ಅವನ ತಾಯಿಗೆ ಒಂದು ತುಂಡು ಗದ್ದೆಯಿತ್ತು. ಗಂಡ ಸತ್ತು ಮಗ ಆಫ್ರಿಕಕ್ಕೆ ಹೋದ ಮೇಲೆ ಅವಳು ಅದನ್ನು ತ್ಯಾಂಪ ಎನ್ನುವವನಿಗೆ ಗೇಣಿಗೆ ಕೊಟ್ಟಿದ್ದಳು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ. ಅವಳು ದೇವರಿಗೆ ಹೆದರುವವಳು. ಪ್ರತಿ ವರ್ಷ ಇಗರ್ಜಿ ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿ ರಶೀದಿ ಕೊಡುತ್ತಿದ್ದಳು. ಉಳುವವನಿಗೇ ಭೂಮಿ ಎಂದು ಕಾನೂನು ಬಂದಾಗ ತ್ಯಾಂಪ ಆ ರಶೀದಿಗಳನ್ನು ಟ್ರಿಬ್ಯೂನಲ್ಲಿನಲ್ಲಿ ತೋರಿಸಿದ, ಗದ್ದೆ ಅವನದಾಯಿತು. ಗೇಣಿಯನ್ನೇ ತೆಗೆದುಕೊಳ್ಳದೆ, ರಶೀದಿ ಕೊಡದೆ ಜಾಣತನ ಮಾಡಿದ ನೆರೆಯವರ ಗದ್ದೆ ಉಳಿಯಿತು. ಲಿಗೋರಿಗೆ ತ್ಯಾಂಪನ ಮೇಲೆ ಸಿಟ್ಟು ಬರಲಿಲ್ಲ. ಕೆಸರಲ್ಲಿ ನಿಂತವನು ಅವನು. ಮುಂದೆ ಊರಿಗೆ ಹೋದಾಗ ಅವನ ಮನೆಯಲ್ಲಿ ಕುಳಿತು ಹಲಸಿನ ಹಣ್ಣು ತಿಂದು ಬಂದಿದ್ದ. ಆದರೆ ತಾಯಿ ಸಾಯುವವರೆಗೆ ಹೇಳುತ್ತಿದ್ದ ಒಂದು ಮಾತು ಅವನೊಳಗೆ ಕೂತಿತು: ಗೇಣಿ ಮುಟ್ಟಿದ್ದಕ್ಕೆ ಗದ್ದೆ ಹೋಯಿತು.

ಹಾಗಾಗಿ ಕಂಪನಿಯ ಲೀಸು ಮುಗಿದಾಗ ಅವನು ಆಗಿನ ಸ್ಕಾಟ್ಲೆಂಡಿನ ಮ್ಯಾನೇಜರನಿಗೆ, ಇರುವುದಾದರೆ ಇರಿ, ಗೇಣಿ ಬೇಡ ಎಂದುಬಿಟ್ಟ. ಆ ಮ್ಯಾನೇಜರನಿಗೆ ಆಶ್ಚರ್ಯವಾಯಿತು. ಪುಕ್ಕಟೆ ಸಿಕ್ಕಿದ್ದನ್ನು ಯಾವ ಕಂಪನಿ ಬೇಡ ಎನ್ನುತ್ತದೆ? ಬಾವಿ ಹಾಗೆಯೇ ಇಪ್ಪತ್ತು ವರ್ಷದ ಹತ್ತಿರ ನಡೆಯಿತು.

ದತ್ತಾತ್ರೇಯ ಆ ಭಾನುವಾರ ಕಾಗದದ ಕಟ್ಟನ್ನು ವಾಪಸು ಚೀಲಕ್ಕೆ ಹಾಕಿಕೊಂಡು ಹೋದ. ಹಣ್ಣು ಬಿಟ್ಟು ಹೋದ.

ಸ್ವಲ್ಪ ದಿನದಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಬಂದು ಅಂಗಡಿಯಲ್ಲಿ ಲಿಗೋರಿಯ ಸಹಿ ತೆಗೆದುಕೊಂಡು ಕೋರ್ಟಿನ ಸಮನ್ಸು ಕೊಟ್ಟು ಹೋದ. ಇಂಗ್ಲಿಷನ್ನು ಲಿಗೋರಿ ಪಂಪಿನ ಪೆಟ್ಟಿಗೆಯ ಮೇಲಿದ್ದಷ್ಟು ಓದಬಲ್ಲ. ಮಗಳು ಕ್ಲೇರ್ ಕೆಲಸ ಮುಗಿಸಿ ಬಂದು ಓದಿದಳು. ಕಂಪನಿಯು ಆ ಒಂದು ಎಕರೆ ತನ್ನದೆಂದು ಘೋಷಿಸಬೇಕು ಎಂದು ಕೇಳಿತ್ತು.

"ಸಾಯ್ಬಾ ಭೊಗೊಸ್!" ಎಂದು ದೇವರನ್ನು ಕರೆದಳು ಸೆಲಿನ್. "ಸಿಹಿತಿಂಡಿ ತಿನ್ನಿಸಿ ಹೀಗೆ ಮಾಡುವುದಾ?"

"ತಿಂಡಿ ತಂದವನು ಮಾಡಿದ್ದಲ್ಲ ಇದು," ಎಂದ ಲಿಗೋರಿ. ಆ ದಿನ ಬಿಚ್ಚಿದ ಪಂಪನ್ನು ಜೋಡಿಸದೆ ಅಂಗಡಿ ಮುಚ್ಚಿದ.

ವಕೀಲೆ ಫ್ಲಾವಿಯಾಳ ಆಫೀಸು ಹರ್ಲಿಂಗ್‌ಹ್ಯಾಮಿನಲ್ಲಿ, ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲೆ. ಅವಳ ಅಪ್ಪ ಮತ್ತು ಲಿಗೋರಿ ಒಂದೇ ಇಗರ್ಜಿಯಲ್ಲಿ ಹಾಡುತ್ತಿದ್ದವರು. ಅವಳು ಕಾಗದ ಓದಿ, ಕೇಳಬೇಕಾದದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದಿಟ್ಟಳು.

"ಅಂಕಲ್, ನೀವು ರೆಂಟ್ ತೆಗೆದುಕೊಂಡಿದ್ದರೆ ಈ ಕೇಸೇ ಇರ್ತಿರಲಿಲ್ಲ."

"ತೆಗೆದುಕೊಳ್ಳಬಾರದು ಅಂತಲೇ ತೆಗೆದುಕೊಳ್ಳಲಿಲ್ಲ."

"ಅದೇ ತೊಂದರೆ. ಇಲ್ಲಿಯ ಕಾನೂನು ಹೀಗೆ: ಒಬ್ಬನ ನೆಲದಲ್ಲಿ ಇನ್ನೊಬ್ಬ ಅವನನ್ನು ಕೇಳದೆ, ರೆಂಟ್ ಕೊಡದೆ, ಎಲ್ಲರ ಕಣ್ಣೆದುರು ಹನ್ನೆರಡು ವರ್ಷ ಕೂತರೆ, ಯಜಮಾನ ಸುಮ್ಮನಿದ್ದರೆ, ನೆಲ ಕೂತವನದ್ದು. ರೆಂಟ್ ಕೊಟ್ಟವನು ಬಾಡಿಗೆದಾರ. ಅವನು ಎಷ್ಟು ವರ್ಷ ಕೂತರೂ ನೆಲ ಅವನದ್ದಾಗುವುದಿಲ್ಲ."

ಲಿಗೋರಿ ಇದನ್ನು ಎರಡು ಸಲ ಹೇಳಿಸಿದ. ಕಿಟಕಿಯಿಂದ ಕೆಳಗೆ ಬಾಡಿಗೆಯ ಮಟಾಟು ವ್ಯಾನುಗಳ ಹಾರನ್ ಕೇಳುತ್ತಿತ್ತು.

"ಅಲ್ಲಿ ಮುಟ್ಟಿದ್ದಕ್ಕೆ ಹೋಯ್ತು. ಇಲ್ಲಿ ಮುಟ್ಟದ್ದಕ್ಕೆ ಹೋಗ್ತದಾ?"

"ನೋಡಿ," ಎಂದಳು ಸೆಲಿನ್, "ಎರಡು ದೇಶದ ಕಾನೂನೂ ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬಂದದ್ದು."

ಫ್ಲಾವಿಯಾ ನಗಲಿಲ್ಲ. "ಒಂದು ದಾರಿ ಉಂಟು. ಅವರು ನಿಮ್ಮ ಅನುಮತಿಯಿಂದ ಇದ್ದರು ಅಂತ ತೋರಿಸಿದರೆ ಕೇಸು ನಿಲ್ಲುವುದಿಲ್ಲ. ನೀವು ಯಾರಿಗಾದರೂ, ಇರಿ ಅಂತ ಬಾಯಿಬಿಟ್ಟು ಹೇಳಿದ್ದೀರಾ?"

"ಹೇಳಿದ್ದೇನಲ್ಲ. ಆ ಸ್ಕಾಟ್ಲೆಂಡಿನವನಿಗೆ. ಅವನು ಸತ್ತು ಕಾಲವಾಯ್ತು."

"ಮತ್ತೆ?"

"ಮತ್ತೆ ದತ್ತಾತ್ರೇಯ. ಒಂದು ಗುಂಡಿ ತೋಡಬೇಕಾದರೂ ಬಂದು ಕೇಳುತ್ತಾನೆ."

"ಅಲ್ಲಿಯ ಮ್ಯಾನೇಜರಾ? ಬಂದು ಕೇಳುತ್ತಾನಾ? ಪ್ರತಿ ಸಲ?" ಫ್ಲಾವಿಯಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅಂಕಲ್, ಅವನು ಕೋರ್ಟಿನಲ್ಲಿ ನಿಂತು ಅಷ್ಟು ಹೇಳಿದರೆ ಸಾಕು. ಬೇರೆ ಏನೂ ಬೇಡ. ಹೇಳುತ್ತಾನಾ ಕೇಳಿ. ಹೇಳದಿದ್ದರೆ ನಾನು ಸಮನ್ಸು ಮಾಡಿಸುತ್ತೇನೆ."

ಮಾರನೆಯ ದಿನ ಲಿಗೋರಿ ದತ್ತಾತ್ರೇಯನ ಮನೆಗೆ ಹೋಗಲಿಲ್ಲ. ಲಿಮುರು ಕಡೆಯ ಮಟಾಟು ಹತ್ತಿದ. ಆ ವರ್ಷ ಮಟಾಟುಗಳಿಗೆ ಹೊಸ ಕಾನೂನು ಬಂದು ಎಲ್ಲ ಸೀಟಿಗೂ ಬೆಲ್ಟು ಹಾಕಿದ್ದರು. ಅವನು ಬೆಲ್ಟು ಕಟ್ಟಿಕೊಂಡು, ಚೀಲದ ಹಾಗೆ ಕೂತು, ಗುಡ್ಡ ಹತ್ತಿದ. ಮೇಲೆ ಚಳಿ, ಮಂಜು. ಟೀ ತೋಟಗಳ ಆಚೆ ಅವನ ಇಳಿಜಾರು.

ಬಾವಿಯ ಸುತ್ತ ತಂತಿಬೇಲಿ. ಒಳಗೆ ಆಳೆತ್ತರದ ಕಬ್ಬಿಣದ ವಾಲ್ವು, ಅದರ ಕುತ್ತಿಗೆಯ ಸುತ್ತ ಬಿಳಿ ಹಿಮ ಕಟ್ಟಿತ್ತು. ಒಂದೇ ಸಮನೆ ಹಾವು ಬುಸುಗುಟ್ಟಿದ ಹಾಗೆ ಸದ್ದು. ಕಂಪನಿಯ ಕಾವಲುಗಾರ ಗಿಟಾವು ಅವನನ್ನು ಕಂಡು, ಹಿರಿಯರನ್ನು ಕರೆಯುವ ಹಾಗೆ ಮ್ಜೇ ಎನ್ನುತ್ತ ಎದ್ದು ನಿಂತ. ಗಿಟಾವುವಿನ ಹೆಂಡತಿ ಲಿಗೋರಿಯ ಉಳಿದ ಐದು ಎಕರೆಯ ಒಂದು ಭಾಗದಲ್ಲಿ ಜೋಳ ಬೆಳೆಯುತ್ತಿದ್ದಳು. ಅವಳ ಹತ್ತಿರವೂ ಲಿಗೋರಿ ಗೇಣಿ ಮುಟ್ಟಿದವನಲ್ಲ.

"ಹೇಗಿದೆ ಬಾವಿ?" ಎಂದು ಲಿಗೋರಿ ಸ್ವಾಹಿಲಿಯಲ್ಲಿ ಕೇಳಿದ.

"ಮುದಿಯಾಗಿದೆ ಮ್ಜೇ, ನಿನ್ನ ಹಾಗೆ. ಮೊದಲು ಲಾರಿ ಸಾಲಾಗಿ ನಿಲ್ಲುತ್ತಿತ್ತು. ಈಗ ಒಂದು ಲಾರಿ ತುಂಬಲಿಕ್ಕೆ ಡ್ರೈವರ್ ಮಲಗಿ ಎದ್ದರೂ ಆಗುವುದಿಲ್ಲ."

"ಹೊಸದು ಎಲ್ಲಿ ತೋಡುತ್ತಾರಂತೆ?"

ಗಿಟಾವು ಕೈ ತೋರಿಸಿದ. ಬೇಲಿಯ ಹೊರಗೆ, ಕೆಳಗೆ, ಸೆಲಿನ್‌ಳ ಬಟಾಟೆಯ ಸಾಲುಗಳ ನಡುವೆ ಕೆಂಪು ಬಣ್ಣ ಬಳಿದ ಗೂಟಗಳು. "ಸುತ್ತ ಎಲ್ಲ ಕಡೆ ಯಂತ್ರ ಇಟ್ಟು ನೋಡಿದರು. ಬೇರೆಲ್ಲೂ ಇಲ್ಲವಂತೆ. ಇಲ್ಲೇ ಇರುವುದಂತೆ."

ಲಿಗೋರಿ ಇಳಿದು ಹೋಗಿ ಒಂದು ಗೂಟವನ್ನು ಅಲ್ಲಾಡಿಸಿ ನೋಡಿದ. ಗಟ್ಟಿಯಾಗಿಯೇ ನೆಟ್ಟಿದ್ದರು. ಮೇಲಿನ ಎಕರೆಯನ್ನು ಕೋರ್ಟಿನಲ್ಲಿ ಕೇಳುವವರು ಕೆಳಗಿನ ನೆಲದಲ್ಲಿ ಗೂಟ ನೆಟ್ಟಿದ್ದಾರೆ. ಕೆಳಗಿನದ್ದರ ಮೇಲೆ ಅವರಿಗೆ ಯಾವ ವರ್ಷದ ಹಕ್ಕೂ ಇಲ್ಲ. ಅವನು ಅಲ್ಲಿ ತುಂಬ ಹೊತ್ತು ನಿಂತಿದ್ದ. ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಹಾಕಿ, ಅದು ತಾನಾಗಿ ಸಡಿಲವಾಗುವವರೆಗೆ ಕೈಕಟ್ಟಿ ಕೂರುವುದು ಅವನ ಕೆಲಸದ ರೀತಿ.

ಶನಿವಾರ ಮಧ್ಯಾಹ್ನ ಅವನು ಹೈರಿಡ್ಜಿಗೆ ಹೋದ. ದತ್ತಾತ್ರೇಯನ ಫ್ಲ್ಯಾಟು ಮೂರನೆಯ ಮಹಡಿಯಲ್ಲಿ. ಬಾಗಿಲು ತೆಗೆದ ದತ್ತಾತ್ರೇಯ ಮೊದಲು ಮೆಟ್ಟಿಲಿನ ಕಡೆ ನೋಡಿ, ಆಮೇಲೆ ಅವನನ್ನು ನೋಡಿದ.

"ಯಜಮಾನ್ರೇ, ನೀವು ಬರಬಾರ್ದಿತ್ತು. ನಿಮ್ಮ ಜೊತೆ ಮಾತೇ ಆಡಕೂಡದು ಅಂತ ನಮ್ಮ ಲಾಯರ್ ಹೇಳಿದಾನೆ."

"ಮಾತಾಡ್ಬೇಡಿ," ಎಂದು ಒಳಗಿನಿಂದ ಅವನ ಹೆಂಡತಿ ಮೈಥಿಲಿ ಬಂದಳು. "ಕಾಫಿ ಕುಡೀಬಹುದಲ್ಲ? ಅದಕ್ಕೂ ಲಾಯರ್ನ ಕೇಳ್ಬೇಕಾ? ಬನ್ನಿ, ಕೂತ್ಕೊಳಿ. ಗಗನಾ, ತಾತ ಬಂದಿದಾರೆ ನೋಡು."

"ಹಾಯ್ ಅಂಕಲ್," ಎಂದು ಒಳಗಿನ ಕೋಣೆಯಿಂದ ಹುಡುಗಿಯ ದನಿ ಬಂತು, ಹುಡುಗಿ ಬರಲಿಲ್ಲ.

"ಪರೀಕ್ಷೆ ಇದೆ ಅವಳಿಗೆ," ಎಂದಳು ಮೈಥಿಲಿ.

ಕಾಫಿ ಬಂತು. ಲಿಗೋರಿ ಒಂದು ಗುಟುಕು ಕುಡಿದು ಇಟ್ಟ. ಕೇಳಲಿಕ್ಕೆಂದು ಬಂದ ಮಾತು ನಾಲಗೆಯ ಮೇಲೇ ಇತ್ತು. ಆದರೆ ದತ್ತಾತ್ರೇಯನೇ ಮೊದಲು ಬಾಯಿ ತೆಗೆದ.

"ನನ್ನ ಕೈಲಿ ಅಫಿಡವಿಟ್ ಬರೆಸ್ತಿದಾರೆ. ಯಾರನ್ನೂ ಕೇಳ್ದೆ, ಕಂಪನಿ ಸ್ವಂತ ಜಾಗ ಅಂದ್ಕೊಂಡೇ ಕೆಲಸ ಮಾಡಿಸ್ತಿದ್ದೆ ಅಂತ."

"ಸಹಿ ಹಾಕಿದಿರಾ?"

"ಇಲ್ಲ. ಹುಷಾರಿಲ್ಲ ಅಂತ ರಜ ಹಾಕಿ ಕೂತಿದೀನಿ."

"ಹುಷಾರಿಲ್ದೋರು ಬೆಳಿಗ್ಗೆ ನಾಲ್ಕು ದೋಸೆ ತಿಂದ್ರು," ಎಂದಳು ಮೈಥಿಲಿ.

ಯಾರೂ ನಗಲಿಲ್ಲ, ಅವಳೂ ನಗಿಸಲಿಕ್ಕೆ ಹೇಳಿರಲಿಲ್ಲ. ದತ್ತಾತ್ರೇಯ ಲೋಟದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದ.

"ನನ್ನ ವರ್ಕ್ ಪರ್ಮಿಟ್ ಕಂಪನಿ ಹೆಸರಲ್ಲಿದೆ. ಅವ್ರು ಬೇಡ ಅಂದ್ರೆ ನಾವು ದೇಶ ಬಿಡ್ಬೇಕು. ಸುಳ್ಳು ಸಹಿ ಹಾಕಿದ್ರೆ ನಿಮ್ಮ ಜಾಗ ಹೋಗತ್ತೆ. ನೀವೇ ಹೇಳಿ ಯಜಮಾನ್ರೇ, ನಾನೇನು ಮಾಡ್ಲಿ?"

ಇದನ್ನು ಕೇಳಬೇಕಾದವನು ತಾನು, ಈಗ ಇವನು ತನ್ನನ್ನು ಕೇಳುತ್ತಿದ್ದಾನೆ ಎಂದು ಲಿಗೋರಿಗೆ ಅನ್ನಿಸಿತು. ಫ್ಲಾವಿಯಾ ಸಮನ್ಸು ಮಾಡಿಸಿದರೆ ಈ ಮನುಷ್ಯ ಕೋರ್ಟಿನಲ್ಲಿ ನಿಲ್ಲಬೇಕು. ನಿಂತರೆ ಬಹುಶಃ ನಿಜವನ್ನೇ ಹೇಳುತ್ತಾನೆ. ಎಕರೆ ಉಳಿಯುತ್ತದೆ, ಇವರು ಗಂಟುಮೂಟೆ ಕಟ್ಟಬೇಕಾಗುತ್ತದೆ. ಒಳಗಿನ ಕೋಣೆಯಲ್ಲಿ ಹುಡುಗಿ ಏನನ್ನೋ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು.

"ಕೇಸು ಹಾಕಿ ಅಂತ ನೀವು ಹೇಳಿದ್ದಾ?" ಎಂದು ಕೇಳಿದ.

"ಅಯ್ಯೋ ಇಲ್ಲ. ನೀವು ಲೀಸ್ ಬೇಡ ಅಂದ್ರಿ ಅಂತ ಹೋಗಿ ಹೇಳ್ದೆ, ಅಷ್ಟೇ. ಬಾಡಿಗೇನೇ ತಗೊಂಡಿಲ್ವಾ ಅಂತ ಲಾಯರ್ ಕಣ್ಣರಳಿಸಿದ. ಮೊದ್ಲು ಒಂದೆಕರೆ ಕೈಗೆ ಬರ್ಲಿ, ಆಮೇಲೆ ಮುದುಕ ಹೆದರಿ ಕೆಳಗಿನ ಜಾಗಾನೂ ಬರೆದುಕೊಡ್ತಾನೆ ಅಂತ ಅವ್ರ ಲೆಕ್ಕ."

"ಕೆಳಗಿನದ್ದು ಬಿಟ್ಟರೆ ಬೇರೆ ಕಡೆ ಗ್ಯಾಸು ಸಿಗ್ತದಾ?"

"ಸಿಗಲ್ಲ."

"ಹಳೆಯ ಬಾವಿ ಎಷ್ಟು ದಿನ ಬಂದೀತು?"

"ಕಷ್ಟ. ಎರಡು ವರ್ಷ ಎಳೆದ್ರೆ ಹೆಚ್ಚು."

"ಅದನ್ನು ನಿಮ್ಮ ಮಾಲೀಕರಿಗೆ ಹೇಳಿದ್ದೀರಾ?"

"ಇನ್ನೂ ಸರಿಯಾಗಿ ಹೇಳಿಲ್ಲ. ಆಗುತ್ತೆ ನೋಡೋಣ ಅಂತ..." ದತ್ತಾತ್ರೇಯ ಮಾತು ನಿಲ್ಲಿಸಿದ. ಕೆಟ್ಟ ಸುದ್ದಿಯನ್ನು ಮೇಲಿನವರಿಗೆ ಮೃದುಮಾಡಿ ಹೇಳುವುದು ಅವನ ಅಭ್ಯಾಸ.

"ಸರಿಯಾಗಿ ಹೇಳಿ," ಎಂದ ಲಿಗೋರಿ. "ಅದು ನಿಮ್ಮ ಕೆಲಸದ ಮಾತೇ ಅಲ್ವಾ? ಅದರಲ್ಲಿ ನನ್ನ ಹೆಸರು ಬರುವುದಿಲ್ಲ. ಕೆಳಗಿನ ಜಾಗ ಸಿಗದಿದ್ದರೆ ಬಾವಿ ಇಲ್ಲ, ಬಾವಿ ಇಲ್ಲದಿದ್ದರೆ ಗ್ಯಾಸಿಲ್ಲ ಅಂತ. ಆಮೇಲೆ ಫ್ಲಾವಿಯಾ ಒಂದು ಕಾಗದ ಕಳಿಸುತ್ತಾಳೆ. ಎರಡಕ್ಕೂ ಲೀಸಿಗೆ ನಾನು ಸಹಿ ಹಾಕುತ್ತೇನೆ, ಮೇಲಿನದ್ದಕ್ಕೂ ಕೆಳಗಿನದ್ದಕ್ಕೂ. ಕೇಸು ವಾಪಸು ತೆಗೆಯಬೇಕು. ಎರಡೂ ನೆಲ ಲಿಗೋರಿಯದ್ದು ಅಂತ ಮೊದಲ ಸಾಲಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ಅವರ ಗೂಟ ಕಿತ್ತು ಸೆಲಿನ್ ಒಲೆಗೆ ಹಾಕುತ್ತಾಳೆ."

"ಗೇಣಿ ಮುಟ್ಟಲ್ಲ ಅಂತಿದ್ರಲ್ಲ?"

ಲಿಗೋರಿ ಉಳಿದ ಕಾಫಿ ಕುಡಿದ. ಅದು ಆರಿತ್ತು.

"ಮುಟ್ಟಲಿಕ್ಕೆ ಈಗಲೂ ಹೆದರಿಕೆ ಉಂಟು. ನೀವು ಸೋಮವಾರ ಕೆಲಸಕ್ಕೆ ಹೋಗಿ."

ಫ್ಲಾವಿಯಾಗೆ ಇದು ಒಪ್ಪಿಗೆಯಾಗಲಿಲ್ಲ. ಗೆಲ್ಲುವ ಕೇಸು, ಒಬ್ಬ ಸಾಕ್ಷಿಯ ಮಾತು ಸಾಕು, ಗೆದ್ದ ಮೇಲೆ ಬೇಕಾದ ಹಾಗೆ ಲೀಸು ಮಾಡಬಹುದು, ಕೆಳಗಿನ ನೆಲ ಕೊಡಲೇಬೇಕೆಂದಿಲ್ಲ ಎಂದು ವಾದಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಕೆಳಗಿನ ಹೊಲ ಹೋದರೆ ಸೆಲಿನ್‌ಗೆ ಬಟಾಟೆಯಿಲ್ಲ, ಗಿಟಾವುವಿನ ಹೆಂಡತಿಗೆ ಅರ್ಧ ಜೋಳವಿಲ್ಲ, ಲಾರಿ ಹೋಗುವ ದಾರಿಗೆ ಇನ್ನಷ್ಟು ನೆಲ ಬೇಕು. ಲಿಗೋರಿ ಎಲ್ಲ ಕೇಳಿ, "ಬರೆಯಮ್ಮ," ಎಂದ. ಅವಳು ಬರೆದಳು.

ಕಂಪನಿಯ ಉತ್ತರ ತಡವಾಗಿ ಬಂತು. ನಡುವೆ ದತ್ತಾತ್ರೇಯ ಕೊಟ್ಟ ವರದಿಯ ಮೇಲೆ ಅವರ ಆಫೀಸಿನಲ್ಲಿ ಜಗಳವಾಯಿತಂತೆ. ಹೊರಗಿನಿಂದ ಇನ್ನೊಬ್ಬನನ್ನು ಕರೆಸಿ ನೋಡಿಸಿದರಂತೆ. ಅವನೂ ಅದನ್ನೇ ಹೇಳಿದನಂತೆ. ಕೊನೆಗೆ ಕೇಸು ಹಿಂದಕ್ಕೆ ಹೋಯಿತು. ಕೃಷಿ ಜಮೀನಾದ್ದರಿಂದ ಲೀಸಿಗೆ ಜಮೀನು ಮಂಡಳಿಯ ಒಪ್ಪಿಗೆ ಬೇಕಿತ್ತು. ಜಮೀನು ಕೊಡುವವನ ಜೊತೆ ಅವನ ಹೆಂಡತಿ ಮಕ್ಕಳೂ ಬಂದು ನಿಂತು, ತಮಗೆ ಗೊತ್ತಿದೆ, ಒಪ್ಪಿಗೆಯಿದೆ ಎಂದು ಬಾಯಿಬಿಟ್ಟು ಹೇಳಬೇಕು ಎನ್ನುವುದು ಅಲ್ಲಿಯ ಪದ್ಧತಿ. ಗಂಡಸರು ಕುಡಿತಕ್ಕೆ ಜಮೀನು ಮಾರಿ ಮನೆಯವರನ್ನು ಬೀದಿಗೆ ಹಾಕಿದ್ದನ್ನು ಕಂಡು ಮಾಡಿಕೊಂಡ ಕ್ರಮ.

ಮಂಡಳಿ ಕೂಡುವುದು ಗುಡ್ಡದ ಮೇಲಿನ ಸರ್ಕಾರಿ ಆಫೀಸಿನ ಅಂಗಳದ ತಗಡಿನ ಮಾಡಿನ ಹಾಲ್‌ನಲ್ಲಿ. ಉದ್ದ ಮೇಜಿನ ಹಿಂದೆ ಅಧಿಕಾರಿ, ಅವನ ಎಡಬಲಕ್ಕೆ ಕೋಟು ಟೋಪಿಯ ಹಿರಿಯರು. ಲಿಗೋರಿ, ಸೆಲಿನ್, ರಜೆ ಹಾಕಿ ಬಂದ ಕ್ಲೇರ್ ಒಂದು ಬೆಂಚಿನಲ್ಲಿ. ಫ್ಲಾವಿಯಾ ಅವರ ಹಿಂದೆ. ಆಚೆ ಬೆಂಚಿನಲ್ಲಿ ಕಂಪನಿಯ ಲಾಯರು ಮತ್ತು ದತ್ತಾತ್ರೇಯ. ದತ್ತಾತ್ರೇಯ ಟೈ ಕಟ್ಟಿಕೊಂಡು ಬಂದಿದ್ದ.

ಮೊದಲು ಸೆಲಿನ್‌ಳನ್ನು ಎಬ್ಬಿಸಿದರು.

"ಅಮ್ಮಾ, ನಿನ್ನ ಗಂಡ ನೆಲವನ್ನು ಲೀಸಿಗೆ ಕೊಡುತ್ತಿರುವುದು ನಿನಗೆ ಗೊತ್ತಾ?" ಎಂದು ಅಧಿಕಾರಿ ಸ್ವಾಹಿಲಿಯಲ್ಲಿ ಕೇಳಿದ.

"ಗೊತ್ತು."

"ನಿನ್ನನ್ನು ಕೇಳಿದನಾ?"

"ಮದುವೆಯಾದಾಗಿನಿಂದ ಕೇಳಿದವನಲ್ಲ. ಇವತ್ತು ನೀವು ಕೇಳುತ್ತಿದ್ದೀರಿ, ಅದೇ ಮೊದಲು."

ಹಿರಿಯರು ಮೇಜು ಬಡಿದು ನಕ್ಕರು. ಹಿಂದಿನ ಬೆಂಚುಗಳ ಹೆಂಗಸರು ಇನ್ನೂ ಜೋರಾಗಿ ನಕ್ಕರು. ಲಿಗೋರಿ ತನ್ನ ಬೂಟು ನೋಡಿಕೊಂಡ.

"ಹಾಗಾದರೆ ಒಪ್ಪಿಗೆ ಇಲ್ಲವಾ?"

"ಒಪ್ಪಿಗೆ ಉಂಟು," ಎಂದಳು ಸೆಲಿನ್. "ಬಟಾಟೆ ಕಿತ್ತಾದ ಮೇಲೆ."

ಅದನ್ನೂ ಬರೆದುಕೊಂಡರು. ಕ್ಲೇರ್ ಇಂಗ್ಲಿಷಿನಲ್ಲಿ ತನಗೂ ಒಪ್ಪಿಗೆ ಎಂದಳು. ಆಮೇಲೆ ಅಧಿಕಾರಿ ಆಚೆ ಬೆಂಚಿನ ಕಡೆ ತಿರುಗಿದ.

"ಇಷ್ಟು ವರ್ಷ ಅಲ್ಲಿ ಬಾವಿ ನಡೆಸಿದವರು ನೀವು. ಆ ನೆಲ ಯಾರದ್ದು?"

ಕಂಪನಿಯ ಲಾಯರು ಎದ್ದು, ಹಿಂದೆ ಕೋರ್ಟಿನಲ್ಲಿ ಒಂದು ವಿಷಯ ಇತ್ತು, ಈಗ ಇತ್ಯರ್ಥವಾಗಿದೆ ಎಂದು ಸುತ್ತಿ ಬಳಸಿ ಶುರುಮಾಡಿದ. ಎಡಗಡೆಯ ಹಿರಿಯನೊಬ್ಬ ಕೋಲು ನೆಲಕ್ಕೆ ಕುಟ್ಟಿದ.

"ನೀನು ಕೂತ್ಕೋ. ಅಲ್ಲಿ ಅಗೆಯುವವನನ್ನು ಕೇಳುತ್ತಿದ್ದೇವೆ."

ದತ್ತಾತ್ರೇಯ ಎದ್ದ. ಅವನ ಸ್ವಾಹಿಲಿ ಅಂಗಡಿಯಲ್ಲಿ ತರಕಾರಿ ಕೊಳ್ಳುವಷ್ಟು. ಅವನು ಲಾಯರನ್ನು ನೋಡಿದ. ಲಾಯರು ಕೈಯಲ್ಲಿದ್ದ ಲೀಸಿನ ಮೊದಲ ಹಾಳೆಯನ್ನು ನೋಡುತ್ತಿದ್ದ. ದತ್ತಾತ್ರೇಯ ಕೈ ಎತ್ತಿ ಲಿಗೋರಿಯ ಕಡೆ ತೋರಿಸಿದ.

"ಅವರದ್ದು," ಎಂದ. "ಮೇಲಿನದ್ದೂ ಅವರದ್ದು. ಕೆಳಗಿನದ್ದೂ ಅವರದ್ದು."

ಗುಮಾಸ್ತ ಬರೆದುಕೊಂಡ.

"ಮ್ಜೇ," ಎಂದು ಅಧಿಕಾರಿ ಲಿಗೋರಿಯನ್ನು ಕರೆದ. "ನಿನ್ನ ನೆಲ. ಇವರಿಗೆ ಬಾಡಿಗೆಗೆ ಕೊಡುತ್ತೀಯಾ?"

ಲಿಗೋರಿ ಎದ್ದು ನಿಂತು, ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡ. ಸೆಲಿನ್ ಅವನ ಕೋಟಿನ ತುದಿಯನ್ನು ಸ್ವಲ್ಪ ಎಳೆದಳು.

"ಕೊಡುತ್ತೇನೆ," ಎಂದ. "ವಾಯಿದೆ ಮುಗಿದ ಮೇಲೆ ವಾಪಸು ಬೇಕು."

"ವಾಯಿದೆ ಮುಗಿಯುವಾಗ ನೀನು ಎಲ್ಲಿರುತ್ತೀಯೋ ಮ್ಜೇ?" ಎಂದ ಕೋಲಿನ ಹಿರಿಯ, ತನ್ನ ವಯಸ್ಸಿನವನನ್ನು ಕೆಣಕುವ ಹಾಗೆ.

"ನೀನೆಲ್ಲಿರುತ್ತೀಯೋ ಅಲ್ಲೇ," ಎಂದ ಲಿಗೋರಿ. "ಆಗ ಕೇಳಲಿಕ್ಕೆ ಇವಳಿದ್ದಾಳೆ."

ಕ್ಲೇರ್ ತಲೆಯಾಡಿಸಿದಳು. ಅಧಿಕಾರಿ ಮೊಹರು ಒತ್ತಿದ. ಲಿಗೋರಿ ಕೂರುವ ಮೊದಲೇ ಗುಮಾಸ್ತ ಮುಂದಿನ ಹೆಸರು ಕೂಗಿದ. ಇಬ್ಬರು ಹೆಂಡಿರನ್ನು ಕರೆತಂದ ಒಬ್ಬ ಎತ್ತರದ ಮನುಷ್ಯ, ಜಾಗ ಕೊಡಿ ಎನ್ನುವ ಹಾಗೆ ಅವರ ಬೆಂಚಿನ ಪಕ್ಕ ಬಂದು ನಿಂತ.